ಡಕಾಯಿತನೇ ಹೀರೋ ಆದ ಸಿನಿಮಾಗಳು: ಈ ಶನಿವಾರ ಯಾವುದನ್ನು ಹಾಕೋಣ?

ನಮ್ಮ ಸೋದರಮಾವ ಸರ್ಕಾರಿ ಖಜಾನೆಯಲ್ಲಿ ಗುಮಾಸ್ತರಾಗಿದ್ದವರು. ನಾನು ಚಿಕ್ಕವನಿದ್ದಾಗ ಬಾಗಲಕೋಟೆ ಕಡೆಯ ಒಂದು ಜಾತ್ರೆಯಲ್ಲಿ ಕಂಪನಿ ನಾಟಕಕ್ಕೆ ಕರೆದುಕೊಂಡು ಹೋಗಿದ್ದರು. ಸಿಂಧೂರ ಲಕ್ಷ್ಮಣನ ನಾಟಕ. ಲಕ್ಷ್ಮಣ ಬ್ರಿಟಿಷರ ಖಜಾನೆಗೆ ಕೈ ಹಾಕಿದಾಗ ಇಡೀ ಟೆಂಟಿನಲ್ಲಿ ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆದದ್ದು ಈ ಖಜಾನೆ ಗುಮಾಸ್ತರೇ! ಮನೆಗೆ ಬರುವ ದಾರಿಯಲ್ಲಿ ಕೇಳಿದೆ, "ಮಾಮಾ, ನಾಳೆ ನಿಮ್ಮ ಆಫೀಸಿಗೇ ಯಾರಾದರೂ ನುಗ್ಗಿದರೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬ್ಯಾರೆ, ಇದು ಬ್ಯಾರೆ ತಮ್ಮಾ" ಅಂದರು.

ಆ ಎರಡರ ನಡುವೆ ವ್ಯತ್ಯಾಸ ಏನು ಅನ್ನುವುದೇ ಇಂಥ ಸಿನಿಮಾಗಳ ಜೀವಾಳ. ಕೊಲೆ, ದರೋಡೆ ಮಾಡಿದವನಿಗೆ ಊರವರು ಊಟ ಹಾಕುತ್ತಾರೆ, ಹಾಡು ಕಟ್ಟುತ್ತಾರೆ, ಸತ್ತ ಮೇಲೆ ಕಣ್ಣೀರು ಹಾಕುತ್ತಾರೆ. ಯಾಕೆ? ಜತ್ತ ಸೀಮೆಯ ಸಿಂಧೂರಿನಲ್ಲಿ ಹುಟ್ಟಿ ಬೀಳಗಿ ತಾಲ್ಲೂಕಿನ ತೆಗ್ಗಿಯಲ್ಲಿ ಸತ್ತ ಲಕ್ಷ್ಮಣನಿಗೆ ನಾಟಕ ಇದ್ದ ಹಾಗೆ ಅಮೆರಿಕ, ಇಟಲಿ, ಆಸ್ಟ್ರೇಲಿಯ, ಚಂಬಲ್ ಎಲ್ಲ ಕಡೆಯ ಇಂಥವರಿಗೂ ಸಿನಿಮಾ ಇದೆ. ಬಹಳ ಇದೆ. ಅದೇ ಕಷ್ಟ. "ಒಂದೇ ಸಂಜೆ ಇದೆ, ಯಾವುದನ್ನು ನೋಡಲಿ?" ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಳೆಯುವ ಕೋಲು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಒಂದು, ಜನ ಅವನನ್ನು ಯಾಕೆ ಬಚ್ಚಿಟ್ಟರು ಅನ್ನುವುದು ಸಿನಿಮಾ ನೋಡಿದ ಮೇಲೆ ನಮಗೆ ಅರ್ಥವಾಗಬೇಕು. ನಟ ಚೆಂದ ಇದ್ದಾನೆ, ಕೋಟು ಚೆಂದ ಇದೆ ಅನ್ನುವುದು ಕಾರಣ ಆಗುವುದಿಲ್ಲ. ಎರಡು, ಅವನ ಗುಂಡಿಗೆ ಸತ್ತವರಿಗೆ ಸಿನಿಮಾದಲ್ಲಿ ಒಂದು ಮುಖ ಇದೆಯಾ? ಮೂರು, ಚರಿತ್ರೆಯನ್ನು ಎಷ್ಟು ತಿರುಚಿದ್ದಾರೆ. ತಿರುಚಬಾರದು ಅಂತಲ್ಲ, ಯಾರ ಅನುಕೂಲಕ್ಕೆ ತಿರುಚಿದರು ಅನ್ನುವುದು ಮುಖ್ಯ. ನಾಲ್ಕು, ಮನೆಯ ವಿಷಯ: ಯಾರ ಜೊತೆ ಕೂತು ನೋಡಬಹುದು, ಎಷ್ಟು ಹೊತ್ತು, ಭಾಷೆ ತಿಳಿಯುತ್ತಾ. ಈ ನಾಲ್ಕರಲ್ಲಿ ನನಗೆ ಮೊದಲನೆಯದೇ ಜಾಸ್ತಿ. ನಿಮಗೆ ನಾಲ್ಕನೆಯದು ಜಾಸ್ತಿ ಆಗಿದ್ದರೆ ತಪ್ಪೇನಿಲ್ಲ, ಮನೆಯಲ್ಲಿ ಮಕ್ಕಳಿರುವವರ ಕಷ್ಟ ನನಗೂ ಗೊತ್ತು.

ಪಾನ್ ಸಿಂಗ್ ತೋಮರ್ (2012)

ಒಂದೇ ಒಂದು ಹೆಸರು ಹೇಳು ಅಂದರೆ ಇದನ್ನೇ ಹೇಳುತ್ತೇನೆ. ತಿಗ್ಮಾಂಶು ಧೂಲಿಯಾ ನಿರ್ದೇಶನ, ಇರ್ಫಾನ್ ಖಾನ್ ಅಭಿನಯ. ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ಎರಡೂ ರಾಷ್ಟ್ರಪ್ರಶಸ್ತಿ ಇದಕ್ಕೇ ಬಂತು.

ಪಾನ್ ಸಿಂಗ್ ಮಧ್ಯಪ್ರದೇಶದ ಮುರೈನಾ ಕಡೆಯವರು, ಸೈನಿಕ. 3,000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ, ಅಂದರೆ ಅಡೆತಡೆ ಹಾರಿಕೊಂಡು ಓಡುವ ಓಟದಲ್ಲಿ, ಏಳು ಸಲ ರಾಷ್ಟ್ರೀಯ ಚಾಂಪಿಯನ್. 1958ರಲ್ಲಿ ಟೋಕಿಯೋದ ಏಷ್ಯನ್ ಕ್ರೀಡಾಕೂಟದಲ್ಲಿ ದೇಶಕ್ಕಾಗಿ ಓಡಿದರು. ನಿವೃತ್ತಿಯಾಗಿ ಊರಿಗೆ ಬಂದರೆ ಜಮೀನಿನ ಜಗಳ ಕಾದಿತ್ತು. ಅದೇ ಜಗಳ ಅವರನ್ನು ಚಂಬಲ್ ಕಣಿವೆಗೆ ಇಳಿಸಿತು. 1981ರ ಅಕ್ಟೋಬರ್‌ನಲ್ಲಿ ಪೊಲೀಸ್ ಎನ್‌ಕೌಂಟರ್‌ನಲ್ಲಿ ಸತ್ತರು.

ನನ್ನ ಮೊದಲ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಡುವ ಸಿನಿಮಾ ಇನ್ನೊಂದಿಲ್ಲ. ದಾಯಾದಿ ಜಗಳ, ಪಹಣಿ, ಪಂಚಾಯ್ತಿ, ದೂರು ತೆಗೆದುಕೊಳ್ಳದ ಠಾಣೆ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಯಾವ ಪುಸ್ತಕವೂ ಬೇಕಿಲ್ಲ. ದೇಶಕ್ಕೆ ಓಡಿದವನ ಪದಕಕ್ಕೆ ಪೊಲೀಸ್ ಠಾಣೆಯಲ್ಲಿ ಕಿಮ್ಮತ್ತಿಲ್ಲ, ಬಂದೂಕು ಹಿಡಿದ ಮೇಲೆ ಮಾತ್ರ ಪತ್ರಿಕೆಯವರು ಹುಡುಕಿಕೊಂಡು ಬರುತ್ತಾರೆ. ಆ ಕಡೆ 'ಡಾಕು' ಅಂದರೆ ಬೈಗುಳ, 'ಬಾಗಿ' ಅಂದರೆ ಅನ್ಯಾಯದ ಎದುರು ನಿಂತವನು. ಆ ಎರಡು ಪದಗಳ ನಡುವಿನ ಅಂತರವನ್ನೇ ಇರ್ಫಾನ್ ಎರಡು ಗಂಟೆ ನಟಿಸಿ ತೋರಿಸುತ್ತಾರೆ. ಮೊದಲರ್ಧದಲ್ಲಿ ನಗಿಸುತ್ತಾರೆ ಕೂಡ. ಹೊಟ್ಟೆ ತುಂಬ ಊಟ ಸಿಗುತ್ತದೆ ಅಂತ ಕ್ರೀಡಾ ವಿಭಾಗಕ್ಕೆ ಸೇರುವ ಸಿಪಾಯಿ ಯಾರಿಗೆ ಇಷ್ಟ ಆಗಲ್ಲ ಹೇಳಿ.

ಕೊರತೆ ಎರಡನೇ ಪ್ರಶ್ನೆಯಲ್ಲಿದೆ. ಅವರ ಗುಂಪಿನ ಗುಂಡಿಗೆ ಸತ್ತವರ ಮನೆಯೊಳಗೆ ಕ್ಯಾಮೆರಾ ಅಷ್ಟಾಗಿ ಹೋಗುವುದಿಲ್ಲ. ನಾವು ಪೂರ್ತಿ ಇರ್ಫಾನ್ ಪಕ್ಷ ಆಗಿಬಿಡುತ್ತೇವೆ. ಇನ್ನೊಂದು ಸಣ್ಣ ತೊಂದರೆ, ಮಾತು ಚಂಬಲ್ ಕಡೆಯ ಹಿಂದಿ. ಟಿವಿ ಹಿಂದಿ ಬರುವವರಿಗೂ ಸಬ್‌ಟೈಟಲ್ ಬೇಕಾಗುತ್ತದೆ. ಎರಡೂಕಾಲು ಗಂಟೆ. ಗುಂಡಿನ ಕಾಳಗ ಇದೆ, ಬೈಗುಳ ಇದೆ, ಆದರೆ ಹೈಸ್ಕೂಲು ಮಕ್ಕಳ ಜೊತೆ ಕೂತು ನೋಡಲು ಅಡ್ಡಿಯಿಲ್ಲ.

ಬ್ಯಾಂಡಿಟ್ ಕ್ವೀನ್ (1994)

ಅದೇ ಚಂಬಲ್, ಆದರೆ ಇದು ಬೇರೆಯೇ ಲೋಕ. ಶೇಖರ್ ಕಪೂರ್ ನಿರ್ದೇಶನ, ಫೂಲನ್ ದೇವಿಯಾಗಿ ಸೀಮಾ ಬಿಸ್ವಾಸ್, ಸಂಗೀತ ನುಸ್ರತ್ ಫತೇಹ್ ಅಲಿ ಖಾನ್. ಈ ಪಟ್ಟಿಯಲ್ಲಿ ಎದೆಗೆ ನೇರವಾಗಿ ಹೊಡೆಯುವ ಚಿತ್ರ ಇದೇ. ಯೋಚನೆ ಮಾಡಿ ಹಾಕಬೇಕಾದದ್ದೂ ಇದೇ.

ದೋಣಿ ನಡೆಸುವ ಮಲ್ಲಾಹ ಜಾತಿಯ ಬಡ ಹುಡುಗಿಗೆ ಬಾಲ್ಯದಲ್ಲೇ ಮದುವೆ, ಮೇಲ್ಜಾತಿಯ ಗಂಡಸರ ದೌರ್ಜನ್ಯ, ನಂತರ ಬಂದೂಕು. 1981ರ ಫೆಬ್ರವರಿ 14ರಂದು ಬೆಹ್ಮಾಯಿ ಹಳ್ಳಿಯಲ್ಲಿ 20 ಗಂಡಸರನ್ನು ಗುಂಡಿಟ್ಟು ಕೊಂದ ಪ್ರಕರಣ ದೇಶವನ್ನೇ ಅಲ್ಲಾಡಿಸಿತು. 1983ರಲ್ಲಿ ಭಿಂಡ್‌ನಲ್ಲಿ ಮುಖ್ಯಮಂತ್ರಿ ಅರ್ಜುನ್ ಸಿಂಗ್ ಎದುರು ಶರಣಾದಾಗ ನೋಡಲು ಸಾವಿರಾರು ಜನ ಸೇರಿದ್ದರು. ಸಿನಿಮಾ ಅಲ್ಲಿಗೆ ನಿಲ್ಲುತ್ತದೆ. ಬದುಕು ನಿಲ್ಲಲಿಲ್ಲ. ವಿಚಾರಣೆಯಿಲ್ಲದೆ ಹನ್ನೊಂದು ವರ್ಷ ಜೈಲು, 1996ರಲ್ಲಿ ಮಿರ್ಜಾಪುರದಿಂದ ಲೋಕಸಭೆಗೆ ಆಯ್ಕೆ, 2001ರಲ್ಲಿ ದೆಹಲಿಯ ತಮ್ಮ ಮನೆಯ ಎದುರೇ ಕೊಲೆ.

ಜನ ಯಾಕೆ ಪೂಜಿಸಿದರು ಅನ್ನುವುದು ಇಲ್ಲಿ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ. ಬೆಹ್ಮಾಯಿಯ ಹತ್ಯೆಯನ್ನು ಗೆಲುವಿನ ಹಬ್ಬದ ಹಾಗೆ ತೋರಿಸಿಲ್ಲ ಅನ್ನುವುದೂ ದೊಡ್ಡ ಗುಣ. ತೊಡಕು ಮೂರನೇ ಪ್ರಶ್ನೆಯಲ್ಲಿ. ಫೂಲನ್ ಆಗ ಬದುಕಿದ್ದರು, ಸಿನಿಮಾವನ್ನು ಒಪ್ಪಲಿಲ್ಲ, ಕೋರ್ಟಿಗೆ ಹೋದರು. ತನ್ನ ಮೇಲಾದ ಅತ್ಯಾಚಾರವನ್ನು ತನ್ನನ್ನು ಕೇಳದೆ ಪರದೆ ಮೇಲೆ ಹಾಕುವ ಹಕ್ಕು ಯಾರದು? ಸಿನಿಮಾ ಪ್ರದರ್ಶನ ತಡೆಯಬಾರದು ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಹೇಳಿತು. ಅದು ಕಾನೂನಿನ ಉತ್ತರ. ಈ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಸಿನಿಮಾ ದೊಡ್ಡದು, ಆದರೆ ನೋಡುವಾಗ ಫೂಲನ್ ಅವರ ತಕರಾರು ಪಕ್ಕದಲ್ಲೇ ಕೂತಿರಬೇಕು. ಬೆಹ್ಮಾಯಿ ಮೊಕದ್ದಮೆಯ ತೀರ್ಪು ಬಂದದ್ದು 2024ರಲ್ಲಿ, ಶಿಕ್ಷೆ ಆದದ್ದು ಒಬ್ಬನಿಗೆ. ಸತ್ತವರ ಮನೆಯವರು 43 ವರ್ಷ ಕಾದರು.

ಸುಮಾರು ಎರಡು ಗಂಟೆ, ಎ ಸರ್ಟಿಫಿಕೇಟ್. ಮಕ್ಕಳಿರುವಾಗ ಬೇಡವೇ ಬೇಡ. ಲೈಂಗಿಕ ಹಿಂಸೆಯ ದೃಶ್ಯಗಳು ನಿಮಗೆ ನಿದ್ದೆ ಕೆಡಿಸುತ್ತವೆ ಅಂತಾದರೆ ದಯವಿಟ್ಟು ಬಿಟ್ಟುಬಿಡಿ. ಧೈರ್ಯ ತೋರಿಸಲು ಸಿನಿಮಾ ನೋಡಬೇಕಾಗಿಲ್ಲ.

ಪಬ್ಲಿಕ್ ಎನಿಮೀಸ್ (2009)

ಪ್ರಶ್ನೆ ಕೇಳುವವರಲ್ಲಿ ಅರ್ಧ ಜನರ ಬಾಯಲ್ಲಿ ಬರುವ ಹೆಸರು ಇದು. ಕಾರಣ ಜಾನಿ ಡೆಪ್. ಮೈಕಲ್ ಮ್ಯಾನ್ ನಿರ್ದೇಶನ, ಬೆನ್ನು ಹತ್ತುವ ಅಧಿಕಾರಿ ಮೆಲ್ವಿನ್ ಪರ್ವಿಸ್ ಆಗಿ ಕ್ರಿಶ್ಚಿಯನ್ ಬೇಲ್, ಪ್ರೇಯಸಿಯಾಗಿ ಮಾರಿಯೋನ್ ಕೊತಿಯಾರ್.

ಡೆಪ್ ಮಾಡಿದ್ದು ಅಮೆರಿಕದ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್ ಪಾತ್ರ. ಅವನ ಕಥೆಯೇ ಸಿನಿಮಾಕ್ಕೆಂದು ಹುಟ್ಟಿದ ಹಾಗಿದೆ. 1934ರ ಮಾರ್ಚ್‌ನಲ್ಲಿ ಇಂಡಿಯಾನಾದ ಕ್ರೌನ್ ಪಾಯಿಂಟ್ ಜೈಲಿನಿಂದ ಮರದ ಆಟಿಕೆ ಪಿಸ್ತೂಲು ತೋರಿಸಿ ತಪ್ಪಿಸಿಕೊಂಡ ಅಂತ ಪ್ರತೀತಿ. ಹೋಗುವಾಗ ಶೆರಿಫ್ ಕಾರನ್ನೇ ಹೊಡೆದುಕೊಂಡು ಹೋದ. ಆ ಶೆರಿಫ್ ಒಬ್ಬ ಹೆಂಗಸು. ಕದ್ದ ಕಾರಿನಲ್ಲಿ ರಾಜ್ಯದ ಗಡಿ ದಾಟಿದ್ದೇ ಅವನ ತಪ್ಪಾಯಿತು, ಅದು ಕೇಂದ್ರ ಸರ್ಕಾರದ ಕಾನೂನಿಗೆ ಬರುವ ಅಪರಾಧ. ಮುಂದೆ ಎಫ್‌ಬಿಐ ಅನಿಸಿಕೊಂಡ ದಳ ಬೆನ್ನು ಹತ್ತಿತು. ಜುಲೈ 22ರ ರಾತ್ರಿ ಚಿಕಾಗೋದ ಬಯೋಗ್ರಾಫ್ ಚಿತ್ರಮಂದಿರದಲ್ಲಿ ದರೋಡೆಕೋರರ ಸಿನಿಮಾವನ್ನೇ ನೋಡಿ ಹೊರಗೆ ಬಂದವನನ್ನು ಗುಂಡಿಟ್ಟರು. ಸೇರಿದ ಜನ ಅವನ ರಕ್ತದಲ್ಲಿ ಕರವಸ್ತ್ರ ಅದ್ದಿಕೊಂಡು ಹೋದರಂತೆ.

ಆ ಕರವಸ್ತ್ರ ಯಾಕೆ? ಮಹಾ ಆರ್ಥಿಕ ಕುಸಿತದಲ್ಲಿ ಬ್ಯಾಂಕುಗಳು ಮುಳುಗಿ ಜನರ ಉಳಿತಾಯವೂ ಮುಳುಗಿತ್ತು. ಹೊಲ, ಮನೆ ಜಪ್ತಿ ಆಗುತ್ತಿದ್ದವು. ಬ್ಯಾಂಕಿಗೆ ಕನ್ನ ಹಾಕುವವನು ಯಾರಾದರೂ ಸರಿ, ನಮ್ಮವನು ಅನಿಸಿತು. ಈ ಉಸಿರುಗಟ್ಟುವ ಬಡತನ ಸಿನಿಮಾದಲ್ಲಿ ಹೆಚ್ಚು ಕಾಣುವುದೇ ಇಲ್ಲ. ಡೆಪ್ ಎಷ್ಟು ಚೆಂದ ಕಾಣುತ್ತಾರೆ ಅಂದರೆ, ಜನ ಅವನ ಹ್ಯಾಟಿಗೆ ಮರುಳಾದರು ಅನ್ನಿಸಿಬಿಡುತ್ತದೆ. ಪೊಲೀಸ್ ಒಬ್ಬರನ್ನು ಕೊಂದ ಆರೋಪವೂ ಡಿಲಿಂಜರ್ ಮೇಲಿತ್ತು ಅನ್ನುವುದು ಆ ಹ್ಯಾಟಿನ ನೆರಳಲ್ಲಿ ಮರೆತೇ ಹೋಗುತ್ತದೆ.

ಆದರೆ ಜಾಗಗಳು ಅಸಲಿ. ಕ್ರೌನ್ ಪಾಯಿಂಟ್ ಜೈಲು, ವಿಸ್ಕಾನ್ಸಿನ್‌ನ ಲಿಟಲ್ ಬೊಹೀಮಿಯಾ ವಸತಿಗೃಹ, ಬಯೋಗ್ರಾಫ್, ಎಲ್ಲವೂ ನಡೆದ ಸ್ಥಳದಲ್ಲೇ ಚಿತ್ರೀಕರಣ. ಹಾಗಿದ್ದೂ ದಿನಾಂಕಗಳನ್ನು ಕಲಸಿದ್ದಾರೆ. ಅದೇ ಕಾಲದ ದರೋಡೆಕೋರರಾದ ಪ್ರಿಟಿ ಬಾಯ್ ಫ್ಲಾಯ್ಡ್, ಬೇಬಿ ಫೇಸ್ ನೆಲ್ಸನ್ ಇಬ್ಬರೂ ಡಿಲಿಂಜರ್‌ಗಿಂತ ಮೊದಲೇ ಸಾಯುತ್ತಾರೆ ಇಲ್ಲಿ. ನಿಜದಲ್ಲಿ ಇಬ್ಬರೂ ಸತ್ತದ್ದು ಅವನ ನಂತರ. ಪರ್ವಿಸ್‌ನ ತೂಕ ಹೆಚ್ಚಿಸಲು ಮಾಡಿದ ಆಟ ಇದು, ನನಗೆ ಅಷ್ಟು ಹಿಡಿಸಲಿಲ್ಲ.

ಎರಡು ಗಂಟೆ ಇಪ್ಪತ್ತು ನಿಮಿಷ. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ರಾತ್ರಿ ದೃಶ್ಯಗಳು ಜಾಸ್ತಿ, ಮಾತು ಮೆಲ್ಲಗೆ. ಸಣ್ಣ ಮೊಬೈಲಿನಲ್ಲಿ ನೋಡಿದರೆ ದುಡ್ಡು ದಂಡ. ದೊಡ್ಡ ಟಿವಿ, ಒಳ್ಳೆ ಸ್ಪೀಕರ್ ಇದ್ದು, ಬಂದೂಕಿನ ಸದ್ದು ಕೇಳಿ ಖುಷಿಪಡುವ ಗೆಳೆಯರಿದ್ದರೆ ಹಾಕಿ.

ಬಾನಿ ಅಂಡ್ ಕ್ಲೈಡ್ (1967)

ಅದೇ ವರ್ಷಗಳ ಅಮೆರಿಕ, ಆದರೆ ಟೆಕ್ಸಸ್ ಕಡೆಯ ಧೂಳು. ಆರ್ಥರ್ ಪೆನ್ ನಿರ್ದೇಶನ, ದರೋಡೆ ಮಾಡುತ್ತ ಅಲೆಯುವ ಜೋಡಿ ಕ್ಲೈಡ್ ಮತ್ತು ಬಾನಿಯಾಗಿ ವಾರನ್ ಬೀಟಿ ಮತ್ತು ಫೇ ಡನವೇ. ಬ್ಯಾಂಕು ಜಪ್ತಿ ಮಾಡಿದ ತನ್ನದೇ ಮನೆಗೆ ರೈತನೊಬ್ಬ ಕ್ಲೈಡ್‌ನ ಪಿಸ್ತೂಲಿನಿಂದ ಗುಂಡು ಹೊಡೆಯುವ ಒಂದು ಪುಟ್ಟ ದೃಶ್ಯ ಇದೆ. 'ಪಬ್ಲಿಕ್ ಎನಿಮೀಸ್' ಎರಡು ಗಂಟೆಯಲ್ಲಿ ಹೇಳದ್ದನ್ನು ಅದು ಕೆಲವೇ ನಿಮಿಷದಲ್ಲಿ ಹೇಳುತ್ತದೆ.

ಸುಳ್ಳೂ ಇದೆ, ಅದೂ ಸಣ್ಣದಲ್ಲ. ನಿಜವಾದ ಬಾನಿ ಮತ್ತು ಕ್ಲೈಡ್ ಬ್ಯಾಂಕಿಗಿಂತ ಹೆಚ್ಚಾಗಿ ದೋಚಿದ್ದು ಕಿರಾಣಿ ಅಂಗಡಿ, ಪೆಟ್ರೋಲ್ ಬಂಕು. ಅಂದರೆ ಅವರಷ್ಟೇ ಬಡವರನ್ನು. 1934ರ ಮೇ ತಿಂಗಳಲ್ಲಿ ಅವರನ್ನು ಹೊಂಚುಹಾಕಿ ಕೊಂದ ತಂಡದ ಮುಖ್ಯಸ್ಥ ಫ್ರಾಂಕ್ ಹೇಮರ್. ಸಿನಿಮಾದಲ್ಲಿ ಈ ಹೇಮರ್ ಮೊದಲೇ ಅವರ ಕೈಗೆ ಸಿಕ್ಕಿ ಅವಮಾನಪಟ್ಟು, ಸೇಡಿಗಾಗಿ ಬೆನ್ನು ಹತ್ತುತ್ತಾನೆ. ಹಾಗೆ ನಡೆದೇ ಇರಲಿಲ್ಲ. ಹೇಮರ್ ಹೆಂಡತಿ ಮೊಕದ್ದಮೆ ಹೂಡಿದರು, ಸಿನಿಮಾದವರು ರಾಜಿ ಮಾಡಿಕೊಂಡು ಹಣ ಕೊಡಬೇಕಾಯಿತು. ಹೀರೋ ದೊಡ್ಡವನಾಗಲು ಎದುರಿನವನನ್ನು ಸಣ್ಣವನನ್ನಾಗಿ ಮಾಡುವ ಹಳೇ ಚಾಳಿ. ಹೇಮರ್ ಕಡೆಯಿಂದ ಅದೇ ಕಥೆ ಹೇಳುವ 'ದ ಹೈವೇಮೆನ್' 2019ರಲ್ಲಿ ಬಂತು, ಕೆವಿನ್ ಕಾಸ್ಟ್ನರ್ ಇದ್ದಾರೆ. ಸಿನಿಮಾವಾಗಿ ಸಪ್ಪೆ. ಆದರೆ ಎರಡು ಸಂಜೆ ಇದ್ದರೆ ಜೋಡಿಯಾಗಿ ನೋಡಿ, ಒಂದು ಇನ್ನೊಂದರ ಬಾಯಿ ಮುಚ್ಚಿಸುವುದು ಮಜವಾಗಿರುತ್ತದೆ.

ಸಮಯ ಕಡಿಮೆ ಇರುವವರಿಗೆ ಇದು ಅನುಕೂಲ, ಎರಡು ಗಂಟೆಯೂ ಇಲ್ಲ. ಕೊನೆಯ ಗುಂಡಿನ ಮಳೆ ಇವತ್ತಿಗೂ ಬೆಚ್ಚಿಬೀಳಿಸುತ್ತದೆ.

ಸಾಲ್ವತೋರೆ ಜೂಲಿಯಾನೋ (1962)

ಇದನ್ನು ಯಾರೂ ಕೇಳಿರಲಿಲ್ಲ, ನಾನೇ ಸೇರಿಸುತ್ತಿದ್ದೇನೆ. ಇಟಲಿಯ ಫ್ರಾನ್ಚೆಸ್ಕೋ ರೋಸಿ ಮಾಡಿದ ಕಪ್ಪು ಬಿಳುಪು ಸಿನಿಮಾ.

ಜೂಲಿಯಾನೋ ಸಿಸಿಲಿಯ ಮೊಂತೆಲೆಪ್ರೆ ಊರಿನವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಟ್ಟ ಸೇರಿದ. ಚೆಲುವ, ಫೋಟೋ ತೆಗೆಸಿಕೊಳ್ಳುವ ಹುಚ್ಚು, ಊರ ಬಡವರ ಪಾಲಿಗೆ ಹೀರೋ. ಆದರೆ 1947ರ ಮೇ ದಿನದಂದು ಪೊರ್ತೆಲ್ಲಾ ದೆಲ್ಲಾ ಜಿನೆಸ್ತ್ರಾ ಅನ್ನುವಲ್ಲಿ ಸೇರಿದ್ದ ಬಡ ರೈತರ ಮೇಲೆ ಗುಂಡು ಹಾರಿಸಿ 11 ಜನರನ್ನು ಕೊಂದದ್ದು ಅವನ ಗುಂಪೇ. 1950ರ ಜುಲೈನಲ್ಲಿ ಅವನ ಹೆಣ ಒಂದು ಮನೆಯ ಅಂಗಳದಲ್ಲಿ ಬಿದ್ದಿತ್ತು. ಕಾಳಗದಲ್ಲಿ ಸತ್ತ ಅಂತ ಪೊಲೀಸರು ಹೇಳಿದ ಕಥೆ ನಿಲ್ಲಲಿಲ್ಲ. ಅವನ ಬಲಗೈ ಬಂಟ ಪಿಶೊತ್ತಾ "ನಾನೇ ಕೊಂದೆ" ಅಂದ, 1954ರಲ್ಲಿ ಜೈಲಿನಲ್ಲಿ ವಿಷಕ್ಕೆ ಬಲಿಯಾದ.

ರೋಸಿ ಮಾಡಿದ ಕೆಲಸ ನೋಡಿ: ಹೀರೋನ ಮುಖವನ್ನೇ ಸರಿಯಾಗಿ ತೋರಿಸುವುದಿಲ್ಲ. ದೂರದ ಬೆಟ್ಟದ ಮೇಲೆ ಬಿಳಿ ಕೋಟು, ಇಲ್ಲವೇ ಹೆಣ, ಅಷ್ಟೇ. ಬದಲಿಗೆ ಮೊಂತೆಲೆಪ್ರೆಯ ಬೀದಿ, ಗಂಡಸರನ್ನು ಎಳೆದೊಯ್ಯುವಾಗ ಚೀರುತ್ತ ಓಡಿಬರುವ ಹೆಂಗಸರು, ಮಾಫಿಯಾ, ಪೊಲೀಸು, ನ್ಯಾಯಾಲಯ. ನಟಿಸಿದವರಲ್ಲಿ ಬಹುಪಾಲು ಆ ಊರಿನ ಜನರೇ. ನನ್ನ ಮೊದಲ ಎರಡು ಪ್ರಶ್ನೆಗೆ ಪೂರ್ತಿ ಅಂಕ ಇದೊಂದಕ್ಕೇ.

ಮಾಮನಿಗೆ ತೋರಿಸಿದೆ. ಅರ್ಧ ಗಂಟೆ ತಾಳ್ಮೆಯಿಂದ ನೋಡಿ, "ಹೀರೋ ಯಾವಾಗ ಬರ್ತಾನಪಾ?" ಅಂದರು. ಸತ್ತವನು ಅವನೇ ಅಂದಾಗ ಎದ್ದು ಚಹಾ ಮಾಡಲು ಹೋದರು. ಕಥೆ ಹಿಂದೆ ಮುಂದೆ ಜಿಗಿಯುತ್ತದೆ, ಮಾತು ಇಟಾಲಿಯನ್, ಸಬ್‌ಟೈಟಲ್ ಓದುತ್ತ ಕೂರಬೇಕು. ದಿನವಿಡೀ ಕೆಲಸ ಮಾಡಿ ಸುಸ್ತಾದ ಸಂಜೆಗೆ ಇದು ಅಲ್ಲ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ನೋಡಿ.

ಉಳಿದವು, ಬೇಗ ಬೇಗ

ಆಸ್ಟ್ರೇಲಿಯದ ನೆಡ್ ಕೆಲ್ಲಿ, ನೇಗಿಲಿನ ಕಬ್ಬಿಣ ಬಡಿದು ಕವಚ ಮಾಡಿಕೊಂಡು ಪೊಲೀಸರ ಎದುರು ನಿಂತವನು, 1880ರಲ್ಲಿ ಮೆಲ್ಬರ್ನ್‌ನಲ್ಲಿ ಗಲ್ಲಿಗೇರಿದವನು. ಹೀತ್ ಲೆಜರ್ ನಟಿಸಿದ 2003ರ 'ನೆಡ್ ಕೆಲ್ಲಿ' ನೇರ ಕಥೆ, ಆದರೆ ನಯೋಮಿ ವಾಟ್ಸ್ ಮಾಡಿದ ಪ್ರೇಯಸಿ ಪಾತ್ರ ಕಟ್ಟಿದ್ದು. 2019ರ 'ಟ್ರೂ ಹಿಸ್ಟರಿ ಆಫ್ ದ ಕೆಲ್ಲಿ ಗ್ಯಾಂಗ್' ಇಲ್ಲಿರುವುದು ಯಾವುದೂ ನಿಜವಲ್ಲ ಅಂತ ಮೊದಲೇ ಹೇಳಿ ಶುರುವಾಗುತ್ತದೆ. ನನಗೆ ಆ ಪ್ರಾಮಾಣಿಕತೆ ಇಷ್ಟ, ಸಿನಿಮಾದ ಕಿರುಚಾಟ ಅಷ್ಟಿಲ್ಲ.

ಅಜ್ಜಿಯಿಂದ ಹಿಡಿದು ಎಲ್ಲರೂ ಕೂರುವ ಮನೆಯಾದರೆ ಮಲಯಾಳದ 'ಕಾಯಂಕುಳಂ ಕೊಚ್ಚುಣ್ಣಿ' (2018) ಇದೆ. ನಿವಿನ್ ಪೌಲಿ ನಾಯಕ, ಸ್ವಲ್ಪ ಹೊತ್ತು ಬಂದು ಎಲ್ಲರನ್ನೂ ನುಂಗಿಹಾಕುವ ಮೋಹನ್‌ಲಾಲ್. ಕೊಚ್ಚುಣ್ಣಿ 19ನೇ ಶತಮಾನದ ತಿರುವಿದಾಂಕೂರಿನ ಕಳ್ಳ, ಉಳ್ಳವರಿಂದ ಕದ್ದು ಇಲ್ಲದವರಿಗೆ ಕೊಟ್ಟ ಅಂತ ಐತಿಹ್ಯ. ಸಿನಿಮಾದಲ್ಲೂ ಚರಿತ್ರೆಗಿಂತ ಐತಿಹ್ಯವೇ ಜಾಸ್ತಿ. ಉದ್ದ ಸಹಿಸಿಕೊಳ್ಳಬೇಕು, ಮೂರು ಗಂಟೆಗೆ ಸ್ವಲ್ಪ ಕಡಿಮೆ.

ವೀರಪ್ಪನ್ ಯಾಕಿಲ್ಲ ಅಂತ ಕೇಳುತ್ತೀರಿ. ಡಾ. ರಾಜ್‌ಕುಮಾರ್ ಅವರನ್ನು 108 ದಿನ ಕಾಡಿನಲ್ಲಿಟ್ಟವನನ್ನು ಕನ್ನಡಿಗರು ಜನನಾಯಕ ಅನ್ನುವುದು ಕಷ್ಟ ಅಲ್ವಾ? ಆದರೂ ಕುತೂಹಲ ಇದ್ದರೆ ಕಥಾಚಿತ್ರ ಬಿಟ್ಟು ನೆಟ್‌ಫ್ಲಿಕ್ಸ್‌ನ 2023ರ ಸಾಕ್ಷ್ಯಚಿತ್ರ ಸರಣಿ 'ದ ಹಂಟ್ ಫಾರ್ ವೀರಪ್ಪನ್' ನೋಡಿ. ನಾಲ್ಕೇ ಕಂತು. ವೀರಪ್ಪನ್‌ನ ಊರು ಗೋಪಿನಾಥಂನಲ್ಲಿ ಜನರ ನಡುವೆ ಬಾಳಿ, 1991ರಲ್ಲಿ ಅವನ ಕೈಯಲ್ಲೇ ಸತ್ತ ಅರಣ್ಯ ಅಧಿಕಾರಿ ಶ್ರೀನಿವಾಸ್ ಅವರ ಬಗ್ಗೆಯೂ ಓದಿಕೊಂಡು ನೋಡಿದರೆ ಇನ್ನೂ ಒಳ್ಳೆಯದು.

ಹಾಗಾದರೆ ಯಾವುದು?

ಒಂದೇ ಸಂಜೆ, ಯಾವ ಗೊಂದಲವೂ ಬೇಡ ಅಂದರೆ ಪಾನ್ ಸಿಂಗ್. ಗೆಳೆಯರು, ಗದ್ದಲ, ದೊಡ್ಡ ಪರದೆ ಇದ್ದರೆ ಡಿಲಿಂಜರ್. ಸಿನಿಮಾ ಕಲೆಯ ಮೇಲೆ ಆಸಕ್ತಿ ಇದ್ದು ತಾಳ್ಮೆಯೂ ಇದ್ದರೆ ರೋಸಿ. ಮನಸ್ಸು ಗಟ್ಟಿ ಇದ್ದು, ಒಬ್ಬರೇ ಅಥವಾ ಆಮೇಲೆ ಕೂತು ಮಾತಾಡಲು ಒಬ್ಬರು ಜೊತೆಗಿದ್ದರೆ ಫೂಲನ್. ಪಾನ್ ಸಿಂಗ್ ಮತ್ತು ಫೂಲನ್ ನಡುವೆ ತೂಗಾಡುತ್ತಿದ್ದರೆ, ಮೊದಲು ಪಾನ್ ಸಿಂಗ್, ಒಂದು ವಾರ ಬಿಟ್ಟು ಫೂಲನ್. ಅದೇ ಕಣಿವೆಯಲ್ಲಿ ಗಂಡಸಿನ ಕೈಯ ಬಂದೂಕಿಗೂ ಹೆಂಗಸಿನ ಕೈಯ ಬಂದೂಕಿಗೂ ಎಷ್ಟು ವ್ಯತ್ಯಾಸ ಅಂತ ಆಗ ಕಾಣುತ್ತದೆ.

ದುಡ್ಡಿನ ಮಾತು. ಒಟಿಟಿಗಳಲ್ಲಿ ಈ ಸಿನಿಮಾಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ. ಒಂದು ಸಿನಿಮಾಕ್ಕಾಗಿ ವರ್ಷದ ಚಂದಾ ಕಟ್ಟಬೇಡಿ, ಮೊದಲು ನಿಮ್ಮಲ್ಲಿ ಈಗಾಗಲೇ ಇರುವ ಆ್ಯಪ್‌ಗಳಲ್ಲಿ ಹುಡುಕಿ, ಇಲ್ಲದಿದ್ದರೆ ಒಂದೇ ಸಿನಿಮಾ ಬಾಡಿಗೆಗೆ ಸಿಗುತ್ತದಾ ನೋಡಿ. ಹಾಕುವ ಮುಂಚೆ ಅವಧಿ ನೋಡಿಕೊಳ್ಳಿ. 'ಬ್ಯಾಂಡಿಟ್ ಕ್ವೀನ್' ಎರಡು ಗಂಟೆಗಿಂತ ತುಂಬ ಕಡಿಮೆ ತೋರಿಸುತ್ತಿದ್ದರೆ ಕತ್ತರಿ ಬಿದ್ದಿದೆ ಅಂತ ಅರ್ಥ.

ನಮ್ಮ ಮನೆಯದು ತೀರ್ಮಾನ ಆಗಿದೆ. ಶನಿವಾರ ಮಾಮ ಬರುತ್ತಾರೆ, ಪಾನ್ ಸಿಂಗ್ ಎರಡನೇ ಸಲ. ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಿಟ್ಟಿದ್ದೇನೆ. ಖಜಾನೆಯಿಂದ ನಿವೃತ್ತರಾಗಿ ಎಷ್ಟೋ ವರ್ಷ ಆಯಿತು, ಸೀಟಿ ಹೊಡೆಯುವುದನ್ನು ಮಾತ್ರ ಅವರು ಇನ್ನೂ ಬಿಟ್ಟಿಲ್ಲ.